ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ: ಸಣ್ಣ ಕೇಬಲ್ ಹೆಡ್‌ಎಂಡಿನಲ್ಲಿ ತುರ್ತು ಎಚ್ಚರಿಕೆ

ಅಮೆರಿಕದ ಸಣ್ಣ ಊರುಗಳ ಕೇಬಲ್ ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು, ಬೆಂಗಳೂರಿನಲ್ಲೇ ಕೂತು ಅಂಥ ಕಂಪನಿಗಳ ಉಪಕರಣ ನೋಡಿಕೊಳ್ಳುವವರು ಈ ಸಲ ಕಳಿಸಿದ ಪ್ರಶ್ನೆಗಳು ಬಹುತೇಕ ಒಂದೇ ವಿಷಯದವು: ಇಎಎಸ್, ಅಂದರೆ ಅಲ್ಲಿನ ತುರ್ತು ಎಚ್ಚರಿಕೆ ವ್ಯವಸ್ಥೆ. 1997ರಲ್ಲಿ ಹಳೆಯ ಇಬಿಎಸ್ (ತುರ್ತು ಪ್ರಸಾರ ವ್ಯವಸ್ಥೆ) ಜಾಗಕ್ಕೆ ಬಂದ ಇದರ ನಿಯಮಗಳು ಅಲ್ಲಿನ ಸಂಪರ್ಕ ನಿಯಂತ್ರಕ ಸಂಸ್ಥೆ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ನಿನ ನಿಯಮಾವಳಿಯ 11ನೇ ಭಾಗದಲ್ಲಿವೆ. ಇನ್ನು ಮುಂದೆ ಅದನ್ನು ಎಫ್‌ಸಿಸಿ ಎಂದಷ್ಟೇ ಕರೆಯುತ್ತೇವೆ. ಹೆಡ್‌ಎಂಡ್ ಎಂದರೆ ಚಾನೆಲ್‌ಗಳನ್ನು ಹಿಡಿದು ಕೇಬಲ್ಲಿಗೆ ಸೇರಿಸುವ ಕೇಂದ್ರ.

ನಮಗೆ ಎರಡು ಹೆಡ್‌ಎಂಡ್ ಇವೆ. ಒಂದರಲ್ಲಿ 3,800 ಚಂದಾದಾರರು, ಇನ್ನೊಂದರಲ್ಲಿ 2,100. ಒಟ್ಟು ಲೆಕ್ಕ 5,000 ದಾಟುತ್ತದೆ. ಸಣ್ಣವರಿಗೆ ಸಿಗುವ ರಿಯಾಯಿತಿ ನಮಗುಂಟೋ ಇಲ್ಲವೋ? ಇದ್ದರೆ ಎಷ್ಟು?
— ನೆಬ್ರಾಸ್ಕಾದ ಓದುಗರು

ಉಂಟು. 5,000ದ ಗಡಿ ಕಂಪನಿಗಲ್ಲ, ಒಂದೊಂದು ಹೆಡ್‌ಎಂಡಿಗೆ. ನಿಮ್ಮ ಎರಡೂ ಅದರ ಕೆಳಗಿವೆ. ಆದರೆ ಎರಡೂ ಊರುಗಳ ನಡುವೆ ಫೈಬರ್ ಎಳೆದು, ಖರ್ಚು ಉಳಿಯಲಿ ಎಂದು ಒಂದು ಹೆಡ್‌ಎಂಡ್ ಮುಚ್ಚಿದಿರೋ, ಉಳಿದದ್ದು 5,900 ಚಂದಾದಾರರ ಹೆಡ್‌ಎಂಡ್ ಆಗುತ್ತದೆ, ದೊಡ್ಡವರ ನಿಯಮ ಅನ್ವಯಿಸುತ್ತದೆ. ಫೈಬರ್ ಯೋಜನೆಯ ಅಂದಾಜು ಹಾಕುವಾಗ ಈ ಬಾಬ್ತು ಬರೆಯುವವರು ಕಡಿಮೆ. ನೀವು ಬರೆದಿಟ್ಟುಕೊಳ್ಳಿ.

ಈಗ ರಿಯಾಯಿತಿ ಏನು ಎಂಬುದು. 5,000 ಮತ್ತು ಮೇಲ್ಪಟ್ಟವರು ಎಚ್ಚರಿಕೆಯ ಧ್ವನಿ, ದೃಶ್ಯ ಎರಡನ್ನೂ ಎಲ್ಲ ಚಾನೆಲ್‌ಗಳಲ್ಲಿ ಕೊಡಬೇಕು. ಅದಕ್ಕಿಂತ ಕೆಳಗಿನವರು ಪೂರ್ತಿ ಸಂದೇಶವನ್ನು ಕನಿಷ್ಠ ಒಂದು ಚಾನೆಲ್‌ನಲ್ಲಿ ಕೊಟ್ಟು, ಉಳಿದೆಲ್ಲ ಚಾನೆಲ್‌ಗಳಲ್ಲಿ ಚಿತ್ರ ತಡೆದು, ಒಂದು ಧ್ವನಿ ಸೂಚನೆ ಕೇಳಿಸಿದರೆ ಸಾಕು. ಆ ಸೂಚನೆ ಬರಿಯ ಬೀಪ್ ಆಗಿರಕೂಡದು. ಪೂರ್ತಿ ಸಂದೇಶ ಯಾವ ಚಾನೆಲ್ ನಂಬರಿನಲ್ಲಿದೆ ಎಂದು ಬಾಯಿಬಿಟ್ಟು ಹೇಳಬೇಕು. ಚಾನೆಲ್ ಪಟ್ಟಿ ಬದಲಿಸಿದಾಗ ಈ ಧ್ವನಿಮುದ್ರಣ ಬದಲಿಸಲು ಮರೆಯುವುದು ಸಣ್ಣ ಹೆಡ್‌ಎಂಡಿನ ಖಾಯಂ ರೋಗ. ಜನರನ್ನು 12ನೇ ಚಾನೆಲ್ಲಿಗೆ ಹೋಗಿ ಎನ್ನುತ್ತದೆ, ಅಲ್ಲಿ ಅಡುಗೆ ಕಾರ್ಯಕ್ರಮ ನಡೆಯುತ್ತಿರುತ್ತದೆ.

ವಾರದ ಮತ್ತು ತಿಂಗಳ ಪರೀಕ್ಷೆಗಳನ್ನೂ ನೀವು ಕನಿಷ್ಠ ಒಂದು ಚಾನೆಲ್‌ನಲ್ಲಿ ಮಾಡಿದರೆ ಸಾಕು. ಬಂದ ಎಚ್ಚರಿಕೆ ಬಿಡಿಸುವ ಪ್ರಮಾಣೀಕೃತ ಡಿಕೋಡರ್ ಇದ್ದರೆ, ಎಚ್ಚರಿಕೆ ರಚಿಸಿ ಕಳಿಸುವ ಎನ್‌ಕೋಡರ್ ಇಲ್ಲದೆಯೂ ನಡೆಸಲು ಅವಕಾಶವಿದೆ. ಈ ಕೊನೆಯದನ್ನು ಬಳಸಿಕೊಳ್ಳಬೇಡಿ ಎಂಬುದು ನಮ್ಮ ಸಲಹೆ. ಎರಡೂ ಸೇರಿದ ಒಂದೇ ಪೆಟ್ಟಿಗೆ ಈಗ ಎಲ್ಲರೂ ಇಡುವಂಥದ್ದು. ಬಿಡಿ ಡಿಕೋಡರ್ ಹುಡುಕಿ ಉಳಿಸುವ ಹಣ ಮುಂದೆ ಬಿಡಿಭಾಗ ಹುಡುಕುವುದರಲ್ಲಿ ಹೋಗುತ್ತದೆ.

ರಿಯಾಯಿತಿ ಇರುವುದು ಎಷ್ಟು ಚಾನೆಲ್‌ಗಳಲ್ಲಿ ತೋರಿಸಬೇಕು, ಎನ್‌ಕೋಡರ್ ಬೇಕೇ ಎಂಬುದರಲ್ಲಿ ಮಾತ್ರ. ಎಚ್ಚರಿಕೆಯನ್ನು ಹಿಡಿಯುವುದು, ಬಿಡಿಸುವುದು, ತಡವಿಲ್ಲದೆ ದಾಟಿಸುವುದು, ಬರೆದಿಡುವುದು ಇವುಗಳಲ್ಲಿ 300 ಮನೆಯವನಿಗೂ 3 ಲಕ್ಷ ಮನೆಯವನಿಗೂ ಒಂದೇ ನಿಯಮ.

ಹೊಸ ಪೆಟ್ಟಿಗೆ ಕೂರಿಸಿ ಮೂರು ತಿಂಗಳಾಯಿತು. ಇಂಟರ್ನೆಟ್ ಮೂಲಕ ಬರುವುದೆಲ್ಲ ಸರಿಯಾಗಿ ಬರುತ್ತದೆ. ರೇಡಿಯೊದಿಂದ ಬರುವ ಪರೀಕ್ಷೆಗಳು ಮಾತ್ರ ಒಮ್ಮೆ ಸಿಗುತ್ತವೆ, ಒಮ್ಮೆ ಇಲ್ಲ. ಪೆಟ್ಟಿಗೆ ವಾಪಸು ಕಳಿಸಬೇಕೆ?
— ಅಯೊವಾದ ಓದುಗರು

ಕಳಿಸುವ ಮೊದಲು ಪೆಟ್ಟಿಗೆಯ ಹಿಂದಿನ ತಂತಿ ನೋಡಿ. ಇಂಥ ದೂರುಗಳಲ್ಲಿ ಪೆಟ್ಟಿಗೆ ಕೆಟ್ಟಿರುವುದು ಅಪರೂಪ. ಕೆಟ್ಟಿರುವುದು ಅದಕ್ಕೆ ತಲುಪುವ ಧ್ವನಿ.

ನಿಮ್ಮ ರಾಜ್ಯದ ಇಎಎಸ್ ಯೋಜನೆ ಹೇಳಿದ ಕನಿಷ್ಠ ಎರಡು ಮೂಲಗಳಿಗೆ ನೀವು ಸದಾ ಕಿವಿಗೊಡಬೇಕು. ಸಾಮಾನ್ಯವಾಗಿ ಇವು ಎಲ್‌ಪಿ-1, ಎಲ್‌ಪಿ-2 (ಸ್ಥಳೀಯ ಮುಖ್ಯ ಮೂಲ) ಎಂದು ಗುರುತಿಸಿದ ರೇಡಿಯೊ ನಿಲಯಗಳು. ಜತೆಗೆ 162.400ರಿಂದ 162.550 ಮೆಗಾಹರ್ಟ್ಸ್ ನಡುವಿನ ಏಳು ತರಂಗಾಂತರಗಳಲ್ಲಿ ಬರುವ ನೋವಾ ಹವಾಮಾನ ರೇಡಿಯೊ ಇಟ್ಟುಕೊಳ್ಳುವುದು ರೂಢಿ. ಇವಲ್ಲದೆ ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ನಡೆಸುವ ಐಪಾಸ್ ಎಂಬ ಎಚ್ಚರಿಕೆ ಸರ್ವರಿನಿಂದ ಇಂಟರ್ನೆಟ್ ಮೂಲಕ ಕ್ಯಾಪ್ ರೂಪದ (ಎಚ್ಚರಿಕೆಗಳಿಗಾಗಿಯೇ ಇರುವ ಡಿಜಿಟಲ್ ಮಾದರಿ) ಸಂದೇಶ ಪಡೆಯುವುದು 2012ರ ಜೂನ್ 30ರಿಂದ ಕಡ್ಡಾಯ. ನಿಮ್ಮಲ್ಲಿ ಈ ಕೊನೆಯದು ಸರಿಯಿದೆ, ಹಾಗಾಗಿ ರೇಡಿಯೊ ದಾರಿಯನ್ನು ಮಾತ್ರ ನೋಡೋಣ.

ರೇಡಿಯೊದಲ್ಲಿ ಬರುವ ಎಚ್ಚರಿಕೆಯ ಮೊದಲಲ್ಲಿ ಕೇಳುವ ಕರ್ಕಶ ಸದ್ದು ಅಂಕಿ-ಅಕ್ಷರಗಳ ಡೇಟಾ. 2083.3 ಹರ್ಟ್ಸ್ ಮತ್ತು 1562.5 ಹರ್ಟ್ಸ್ ಎಂಬ ಎರಡು ಸ್ವರಗಳ ನಡುವೆ ಸೆಕೆಂಡಿಗೆ 520.83 ಬಿಟ್‌ಗಳಂತೆ ಹಾರುತ್ತದೆ. ಶಿರೋಲೇಖ ಎಂಬ ಈ ಡೇಟಾ ಮೂರು ಸಲ ಬರುತ್ತದೆ, ನಡುವೆ ಒಂದೊಂದು ಸೆಕೆಂಡ್ ಮೌನ. ಡಿಕೋಡರ್ ಮೂರರಲ್ಲಿ ಎರಡಾದರೂ ತಾಳೆಯಾದರೆ ಮಾತ್ರ ನಂಬುತ್ತದೆ. ಒಂದೊಂದು ಸದ್ದು ಸುಮಾರು ಒಂದು ಸೆಕೆಂಡಿನಷ್ಟೇ ಉದ್ದ. ಅಷ್ಟರಲ್ಲಿ ಎರಡು ಸಲ ಗೊರಗೊರ ಬಂದರೆ ಮುಗಿಯಿತು.

ಹೀಗೆ ಹುಡುಕಿ. ಮೊದಲು ಪೆಟ್ಟಿಗೆಯ ಮುಂಭಾಗದ ಹೆಡ್‌ಫೋನ್ ಜ್ಯಾಕ್ ಅಥವಾ ಮಾನಿಟರ್ ಸ್ಪೀಕರಿನಲ್ಲಿ ಪ್ರತಿ ಮೂಲವನ್ನೂ ಕಿವಿಯಿಂದ ಕೇಳಿ, ಹಗಲಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ಎಲ್‌ಪಿ-1 ಎಎಂ ನಿಲಯವಾಗಿದ್ದರೆ ರಾತ್ರಿ ದೂರದ ನಿಲಯಗಳು ಮೇಲೆ ಬೀಳುತ್ತವೆ, ಎಷ್ಟೋ ನಿಲಯಗಳು ರಾತ್ರಿ ಶಕ್ತಿ ಇಳಿಸುತ್ತವೆ. ನಿಮ್ಮ 'ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ' ಎಂಬುದಕ್ಕೆ ಇದೇ ಕಾರಣವಿರಬಹುದು. ಯಾಕೆಂದರೆ ತಿಂಗಳ ಪರೀಕ್ಷೆ ಬೆಸ ತಿಂಗಳಲ್ಲಿ ಬೆಳಿಗ್ಗೆ 8.30ರಿಂದ ಸೂರ್ಯಾಸ್ತದೊಳಗೆ, ಸಮ ತಿಂಗಳಲ್ಲಿ ಸೂರ್ಯಾಸ್ತದಿಂದ ಬೆಳಿಗ್ಗೆ 8.30ರೊಳಗೆ ನಡೆಯುತ್ತದೆ. ಲಾಗ್ ತೆಗೆದು ನೋಡಿ: ತಪ್ಪಿದವೆಲ್ಲ ಸಮ ತಿಂಗಳಿನವೇ ಆಗಿದ್ದರೆ ಆಂಟೆನಾ ಬದಲಿಸಿ, ಪೆಟ್ಟಿಗೆಯನ್ನಲ್ಲ.

ಎಫ್‌ಎಂ ನಿಲಯವಾದರೆ ರ‍್ಯಾಕಿನ ಹಿಂದೆ ನೇತುಬಿಟ್ಟ ತಂತಿಯ ತುಂಡು ಸಾಲದು. ಛಾವಣಿಯ ಮೇಲೆ ನಿಲಯದ ದಿಕ್ಕಿಗೆ ತಿರುಗಿಸಿದ ಯಾಗಿ ಆಂಟೆನಾ ಹಾಕಿ. ನಿಲಯ ತೀರಾ ಹತ್ತಿರವಿದ್ದರೆ ತದ್ವಿರುದ್ಧ, ರಿಸೀವರ್ ಉಬ್ಬಸಪಡುತ್ತದೆ, ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಬೇಕು. ಹಿನ್ನೆಲೆಯಲ್ಲಿ 60 ಹರ್ಟ್ಸಿನ ಗುಂಯ್ ಸದ್ದು ಇದ್ದರೆ ಗ್ರೌಂಡ್ ಲೂಪ್, ಅಂದರೆ ಉಪಕರಣಗಳ ಅರ್ತಿಂಗ್ ನಡುವೆ ಸುತ್ತುವ ವಿದ್ಯುತ್ತು. ರಿಸೀವರ್ ಮತ್ತು ಡಿಕೋಡರ್ ನಡುವೆ ಆಡಿಯೊ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಒಂದು ಹಾಕಿ.

ಇನ್ನೊಂದು ಕಳ್ಳ ದೋಷವಿದೆ. ಸ್ಟೀರಿಯೊ ರಿಸೀವರಿನ ಎಡ-ಬಲ ಎರಡನ್ನೂ ಸೇರಿಸಿ ಮೊನೊ ಮಾಡುವಾಗ ಒಂದು ಕಡೆಯ ಎರಡು ತಂತಿ ತಲೆಕೆಳಗಾಗಿದ್ದರೆ, ಎರಡೂ ಕಡೆ ಒಂದೇ ತೆರನಾಗಿರುವ ಸದ್ದು ಪರಸ್ಪರ ಅಳಿಸಿಹೋಗುತ್ತದೆ. ಹಾಡು ತೆಳ್ಳಗೆ ಕೇಳುತ್ತದೆ, ಮೀಟರ್ ಕುಣಿಯುತ್ತದೆ, ಎಲ್ಲ ಸರಿಯಿದೆ ಅನಿಸುತ್ತದೆ. ಆದರೆ ಎಚ್ಚರಿಕೆಯ ಸದ್ದು ಎರಡೂ ಕಡೆ ತದ್ವತ್ ಇರುವುದರಿಂದ ಅದೇ ಮಾಯ. ಬಲದ ತಂತಿ ಬಿಚ್ಚಿ ಎಡವೊಂದನ್ನೇ ಕೊಟ್ಟು ನೋಡಿ. ಐದು ನಿಮಿಷದ ಕೆಲಸ.

ನಾನು ಬೆಂಗಳೂರಿನಿಂದ ರಾತ್ರಿಪಾಳಿಯಲ್ಲಿ ಅಮೆರಿಕದ ಮೂರು ಸಣ್ಣ ಹೆಡ್‌ಎಂಡ್ ನೋಡಿಕೊಳ್ಳುತ್ತೇನೆ. ಲಾಗಿನ ಸಮಯ ನಮ್ಮದಕ್ಕೂ ಅಲ್ಲಿನದಕ್ಕೂ ಹೊಂದುವುದಿಲ್ಲ. ಶಿರೋಲೇಖ ಓದುವುದು ಹೇಗೆ? ದೂರದಿಂದ ನಾನು ನೋಡಬೇಕಾದದ್ದು ಏನೇನು?
— ಬೆಂಗಳೂರಿನ ಓದುಗರು

ಒಂದು ಮಾದರಿ ಬಿಡಿಸೋಣ:

ಝಡ್‌ಸಿಝಡ್‌ಸಿ-ಡಬ್ಲ್ಯೂಎಕ್ಸ್‌ಆರ್-ಟಿಒಆರ್-031109+0015-1232210-

ಮೊದಲ ನಾಲ್ಕು ಅಕ್ಷರ ಆರಂಭದ ಗುರುತು. ಡಬ್ಲ್ಯೂಎಕ್ಸ್‌ಆರ್ ಎಂದರೆ ಹೊರಡಿಸಿದವರು ಹವಾಮಾನ ಸೇವೆ. ಟಿಒಆರ್ ಎಂದರೆ ಸುಂಟರಗಾಳಿ ಎಚ್ಚರಿಕೆ. 031109ರಲ್ಲಿ ಮೊದಲ 0 ಇಡೀ ಕೌಂಟಿ ಎಂಬುದಕ್ಕೆ, 31 ನೆಬ್ರಾಸ್ಕಾ, 109 ಲ್ಯಾಂಕಾಸ್ಟರ್ ಕೌಂಟಿ. +0015 ಎಂದರೆ ಹದಿನೈದು ನಿಮಿಷ ಜಾರಿಯಲ್ಲಿರುತ್ತದೆ. ಕೊನೆಯದು ಹೊರಡಿಸಿದ ಹೊತ್ತು: ವರ್ಷದ 123ನೇ ದಿನ, 22 ಗಂಟೆ 10 ನಿಮಿಷ. ಇದರ ನಂತರ ಕಳಿಸಿದ ನಿಲಯದ ಗುರುತು ಇರುತ್ತದೆ.

ಆ 22.10 ಯಾರ ಗಡಿಯಾರದ್ದು? ಯುಟಿಸಿ ಎಂಬ ವಿಶ್ವ ಕಾಲಮಾನದ್ದು, ಯಾವಾಗಲೂ. ಅಧಿಕ ವರ್ಷವಲ್ಲದಿದ್ದರೆ 123ನೇ ದಿನ ಮೇ 3. ಆ ಕೌಂಟಿಯ ಲಿಂಕನ್ ಊರಿನಲ್ಲಿ ಆಗ ಸಂಜೆ 5.10, ನಿಮ್ಮ ಮೇಜಿನ ಮೇಲೆ ಮೇ 4ರ ನಸುಕಿನ 3.40. ಪೆಟ್ಟಿಗೆಯ ಕಾಲವಲಯವನ್ನು ಹೆಡ್‌ಎಂಡ್ ಇರುವ ಊರಿಗೇ ಇಡಿ, ಗಡಿಯಾರವನ್ನು ಇಂಟರ್ನೆಟ್‌ನಿಂದ ಸಮಯ ಹೊಂದಿಸುವ ಎನ್‌ಟಿಪಿಗೆ ಕಟ್ಟಿ. ನಿಮ್ಮ ಅನುಕೂಲಕ್ಕೆಂದು ಭಾರತೀಯ ಸಮಯಕ್ಕೆ ಬದಲಿಸಿದರೆ ತಪಾಸಣೆಗೆ ಬಂದವರಿಗೆ ಲಾಗ್ ತಲೆಬುಡ ತಿಳಿಯದು.

ಗಡಿಯಾರ ತಪ್ಪಿದ್ದರೆ ನಷ್ಟ ಎರಡು ಬಗೆ: ಜಾರಿಯಲ್ಲಿರುವ ಎಚ್ಚರಿಕೆ ಅವಧಿ ಮುಗಿದದ್ದೆಂದು ಕಸದ ಬುಟ್ಟಿಗೆ ಹೋಗಬಹುದು, ಹಳೆಯದು ಹೊಸದೆಂದು ಹೊರಬೀಳಬಹುದು. ಎರಡನೆಯದು ನಡೆದಿದೆ. 2014ರ ಅಕ್ಟೋಬರಿನಲ್ಲಿ ಒಂದು ರೇಡಿಯೊ ಕಾರ್ಯಕ್ರಮ 2011ರ ರಾಷ್ಟ್ರೀಯ ಪರೀಕ್ಷೆಯ ಧ್ವನಿಮುದ್ರಣವನ್ನು ಬಿತ್ತರಿಸಿತು. ದಿನಾಂಕ ಪರಿಶೀಲಿಸದ ಕೆಲವು ಉಪಕರಣಗಳು ಅದನ್ನು ನಿಜವಾದ ರಾಷ್ಟ್ರೀಯ ತುರ್ತು ಎಂದು ಟಿವಿ ಚಂದಾದಾರರವರೆಗೆ ದಾಟಿಸಿದವು. ಆ ರೇಡಿಯೊ ಸಂಸ್ಥೆ ಮರುವರ್ಷ 10 ಲಕ್ಷ ಡಾಲರ್ ತೆತ್ತಿತು.

ದೂರದಿಂದ ನೋಡುವವರು ಪಾಳಿಗೊಮ್ಮೆ ಗಮನಿಸಬೇಕಾದದ್ದು: ಐಪಾಸ್ ಸಂಪರ್ಕ ಜೀವಂತವಿದೆಯೇ, ಕೊನೆಯ ಬಾರಿ ಸರ್ವರ್ ಮುಟ್ಟಿದ್ದು ಯಾವಾಗ, ಗಡಿಯಾರ ಸರಿಯಿದೆಯೇ, ಪ್ರತಿ ರೇಡಿಯೊ ಮೂಲದಿಂದ ಈ ವಾರ ಒಂದಾದರೂ ಪರೀಕ್ಷೆ ದಾಖಲಾಗಿದೆಯೇ. ಕೊನೆಯದೇ ಮುಖ್ಯ. ವಾರದ ಪರೀಕ್ಷೆ, ಅಂದರೆ ಆರ್‌ಡಬ್ಲ್ಯೂಟಿ, ಬಂದಾಗ ಅದನ್ನು ಮುಂದೆ ದಾಟಿಸಬೇಕಿಲ್ಲ, ಲಾಗಿನಲ್ಲಿ ಇರಬೇಕು. ನಿಮ್ಮದೇ ಆರ್‌ಡಬ್ಲ್ಯೂಟಿ ವಾರಕ್ಕೊಮ್ಮೆ, ಬೇರೆ ಬೇರೆ ದಿನ ಬೇರೆ ಬೇರೆ ಹೊತ್ತಿನಲ್ಲಿ ಕಳಿಸಬೇಕು, ತಿಂಗಳ ಪರೀಕ್ಷೆ ಇರುವ ವಾರ ಬೇಕಿಲ್ಲ. ತಿಂಗಳ ಪರೀಕ್ಷೆ ಆರ್‌ಎಂಟಿಯನ್ನು ಮಾತ್ರ ಬಂದ 60 ನಿಮಿಷದೊಳಗೆ ದಾಟಿಸಲೇಬೇಕು. ಒಂದು ಮೂಲದಿಂದ ವಾರವಿಡೀ ಏನೂ ಬರದಿದ್ದರೆ ಕಾರಣ ಹುಡುಕಿ, ಆ ಕಾರಣವನ್ನೂ ಲಾಗಿನಲ್ಲಿ ಬರೆಯಿರಿ. 'ಬಂದಿಲ್ಲ' ಎಂದು ಬರೆದು ಬಿಟ್ಟರೆ ಅರ್ಧ ಕೆಲಸ. 'ಬಂದಿಲ್ಲ, ರಿಸೀವರಿನ ಅಡಾಪ್ಟರ್ ಸುಟ್ಟಿತ್ತು, ಬದಲಿಸಿದೆವು, ಮರುದಿನ ಬಂದಿತು' ಎಂದಿರಲಿ.

ಕ್ಯಾಪ್ ಸಂದೇಶಗಳು ಇದ್ದಕ್ಕಿದ್ದಂತೆ 'ಸಹಿ ಅಮಾನ್ಯ' ಎಂದು ತಿರಸ್ಕೃತವಾಗತೊಡಗಿದರೆ ಸರ್ಟಿಫಿಕೇಟ್ ಹಳತಾಗಿದೆ ಎಂದರ್ಥ, ತಯಾರಕರ ಹೊಸ ಫರ್ಮ್‌ವೇರ್ ಹಾಕಿ. ಸಂಪರ್ಕವೇ ಇಲ್ಲದಿದ್ದರೆ ಯಾರೋ ಫೈರ್‌ವಾಲ್ ನಿಯಮ ಬದಲಿಸಿ ಹೊರಹೋಗುವ 443 ಪೋರ್ಟ್ ಮುಚ್ಚಿದ್ದಾರೋ ನೋಡಿ. 2023ರ ಡಿಸೆಂಬರ್ 12ರಿಂದ ಇನ್ನೊಂದು ನಿಯಮ ಸೇರಿದೆ: ರೇಡಿಯೊ ಮೂಲಕ ಎಚ್ಚರಿಕೆ ಬಂದರೆ ಪೆಟ್ಟಿಗೆ ಕನಿಷ್ಠ 10 ಸೆಕೆಂಡ್ ಕಾದು, ಅದರದೇ ಕ್ಯಾಪ್ ರೂಪ ಐಪಾಸ್‌ನಲ್ಲಿ ಇದೆಯೇ ನೋಡಿ, ಇದ್ದರೆ ಅದನ್ನೇ ಬಿತ್ತರಿಸಬೇಕು. ಬರಹ ಹೆಚ್ಚು ವಿವರವಾಗಿರುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ರಾಷ್ಟ್ರೀಯ ತುರ್ತಿನ ಇಎಎನ್ ಸಂಕೇತಕ್ಕೆ ಈ ಕಾಯುವಿಕೆ ಇಲ್ಲ, ಅದು ಬಂದ ಕೂಡಲೇ ಹೋಗಬೇಕು.

ಪಾಸ್‌ವರ್ಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇವೆ. 2013ರ ಫೆಬ್ರವರಿಯಲ್ಲಿ ಮೊಂಟಾನಾದ ಗ್ರೇಟ್ ಫಾಲ್ಸ್‌ನ ಟಿವಿ ನಿಲಯದಲ್ಲಿ 'ಸತ್ತವರು ಗೋರಿಯಿಂದ ಎದ್ದು ಬರುತ್ತಿದ್ದಾರೆ' ಎಂಬ ಎಚ್ಚರಿಕೆ ಬಿತ್ತರವಾಯಿತು. ಕಿಡಿಗೇಡಿಗಳು ಇಂಟರ್ನೆಟ್‌ಗೆ ತೆರೆದಿದ್ದ ಪೆಟ್ಟಿಗೆಗಳಿಗೆ ಕಾರ್ಖಾನೆಯ ಮೂಲ ಪಾಸ್‌ವರ್ಡಿನಿಂದಲೇ ಹೊಕ್ಕಿದ್ದರು. ನಿಮ್ಮಂತೆ ದೂರದಿಂದ ಕೆಲಸ ಮಾಡುವವರು ವಿಪಿಎನ್ ಇಲ್ಲದೆ ಆ ಪೆಟ್ಟಿಗೆಯ ಪುಟ ತೆರೆಯುವಂತಿದ್ದರೆ ಇವತ್ತೇ ಮುಚ್ಚಿಸಿ.

ಎಚ್ಚರಿಕೆ ಬಂದಾಗ ಕೆಲವು ಚಾನೆಲ್‌ಗಳಲ್ಲಿ ಬರಹ ಹರಿಯುವುದೇ ಇಲ್ಲ. ಒಮ್ಮೆಯಂತೂ ಸೆಟ್‌ಟಾಪ್ ಬಾಕ್ಸ್‌ಗಳು ಎಚ್ಚರಿಕೆಯ ಚಾನೆಲ್‌ನಲ್ಲೇ ಸಿಕ್ಕಿಹಾಕಿಕೊಂಡವು. ಏನು ಕಾರಣ?
— ಕಾನ್ಸಸ್‌ನ ಓದುಗರು

ಡಿಜಿಟಲ್ ಹೆಡ್‌ಎಂಡಿನಲ್ಲಿ ಡಿಕೋಡರ್ ತಾನೇ ಚಿತ್ರದ ಮೇಲೆ ಬರೆಯುವುದಿಲ್ಲ. ಎಸ್‌ಸಿಟಿಇ-18 ಎಂಬ ಮಾನದಂಡದಲ್ಲಿ ಒಂದು ಡೇಟಾ ಸಂದೇಶ ಕಳಿಸುತ್ತದೆ. ಬರಹ ತೋರಿಸುವುದು ಅಥವಾ ವಿವರದ ಚಾನೆಲ್ಲಿಗೆ ಬಲವಂತವಾಗಿ ಜಿಗಿಯುವುದು ಸೆಟ್‌ಟಾಪ್ ಬಾಕ್ಸಿನ ಕೆಲಸ. ಕೆಲವೇ ಚಾನೆಲ್‌ಗಳಲ್ಲಿ ಕಾಣದಿದ್ದರೆ ಅವು ಇತ್ತೀಚೆಗೆ ಸೇರಿಸಿದವೇ ಎಂದು ಮೊದಲು ನೋಡಿ. ಹೊಸ ಮಲ್ಟಿಪ್ಲೆಕ್ಸಿಗೆ (ಒಟ್ಟಿಗೆ ಕಳಿಸುವ ಚಾನೆಲ್‌ಗಳ ಕಟ್ಟಿಗೆ) ಆ ಸಂದೇಶದ ಸ್ಟ್ರೀಮ್ ಸೇರಿಸದೇ ಬಿಟ್ಟಿರುತ್ತಾರೆ. ಸ್ವಿಚ್ ಬದಲಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಆ ಸ್ಟ್ರೀಮ್ ಹೊತ್ತ ಮಲ್ಟಿಕಾಸ್ಟ್ (ಹಲವು ಕಡೆಗೆ ಒಟ್ಟಿಗೆ ಹೋಗುವ ಡೇಟಾ) ಸ್ವಿಚ್ಚಿನ ಬೇಕಾದ ಪೋರ್ಟಿಗೆ ಹೋಗುತ್ತಿಲ್ಲ.

ಸಿಕ್ಕಿಹಾಕಿಕೊಳ್ಳುವುದಕ್ಕೆ ಹೆಚ್ಚಾಗಿ ಉಳಿದ ಅವಧಿ ಎಂಬ ಅಂಕಣ ಕಾರಣ. ಅಲ್ಲಿ 1ರಿಂದ 120 ಸೆಕೆಂಡ್ ಬರೆಯಬಹುದು. 0 ಬರೆದರೆ 'ಈಗಲೇ ಮುಗಿಸು' ಅಲ್ಲ, ಅವಧಿ ಗೊತ್ತಿಲ್ಲ, ಮುಂದಿನ ಸಂದೇಶ ಬರುವವರೆಗೆ ಇರು ಎಂದರ್ಥ. ಮುಗಿಸುವ ಸಂದೇಶ ದಾರಿಯಲ್ಲಿ ಕಳೆದುಹೋದರೆ ಬಾಕ್ಸ್ ಅಲ್ಲೇ ಕೂರುತ್ತದೆ. ಸಾಮಾನ್ಯ ಎಚ್ಚರಿಕೆಯ ಧ್ವನಿಗೆ ಎರಡು ನಿಮಿಷದ ಮಿತಿ ಇರುವುದರಿಂದ ಅವುಗಳಿಗೆ 0 ಬಳಸುವ ಪ್ರಮೇಯವಿಲ್ಲ. ಮಿತಿ ಇಲ್ಲದ್ದು ಇಎಎನ್ ಮಾತ್ರ.

ಬರಹದ ವಿಷಯದಲ್ಲಿ ನಿಯಮ ಇಷ್ಟು: ಪರದೆಯ ಮೇಲ್ಭಾಗದಲ್ಲಿ ಅಥವಾ ಬೇರೆ ಬರಹಕ್ಕೆ ಅಡ್ಡಿಯಾಗದ ಕಡೆ, ಓದಲಾಗುವ ವೇಗದಲ್ಲಿ, ಪೂರ್ತಿಯಾಗಿ ಒಮ್ಮೆಯಾದರೂ ಹರಿಯಬೇಕು.

ಸುಂಟರಗಾಳಿ ಎಚ್ಚರಿಕೆ ದಾಟಿಸುವುದು ಕಡ್ಡಾಯವೇ?
— ಅದೇ ಓದುಗರು

ಅಲ್ಲ. ಕಡ್ಡಾಯವಾದವು ರಾಷ್ಟ್ರಮಟ್ಟದ ಇಎಎನ್, ರಾಷ್ಟ್ರೀಯ ಪರೀಕ್ಷೆ ಎನ್‌ಪಿಟಿ, ತಿಂಗಳ ಪರೀಕ್ಷೆ ಮತ್ತು ನಿಮ್ಮದೇ ವಾರದ ಪರೀಕ್ಷೆ. ಹವಾಮಾನ ಮತ್ತು ಸ್ಥಳೀಯ ಎಚ್ಚರಿಕೆಗಳು ಫೆಡರಲ್ ನಿಯಮದಲ್ಲಿ ಐಚ್ಛಿಕ. ಊರಿನ ಆಡಳಿತದೊಂದಿಗಿನ ನಿಮ್ಮ ಫ್ರಾಂಚೈಸ್ ಕರಾರು ಬೇರೆ ಹೇಳಬಹುದು, ಓದಿ ನೋಡಿ. ಕಾನ್ಸಸ್‌ನಲ್ಲಿದ್ದುಕೊಂಡು ಸುಂಟರಗಾಳಿ ಸಂಕೇತ ಆಫ್ ಮಾಡಿಟ್ಟ ಕೇಬಲ್‌ನವನಿಗೆ ಚಂದಾದಾರರು ಉಳಿದಾರೇ ಎಂಬುದು ಬೇರೆ ಮಾತು. ನಿಮ್ಮ ಕೌಂಟಿ ಮತ್ತು ಗಾಳಿ ಬರುವ ಕಡೆಯ ಪಕ್ಕದ ಕೌಂಟಿಯ ಸಂಕೇತ ಹಾಕಿ ಸಾಕು ಮಾಡಿ. ಇಡೀ ರಾಜ್ಯ ಹಾಕಿದರೆ ಜನ ಎಚ್ಚರಿಕೆಯನ್ನು ಕಡೆಗಣಿಸಲು ಕಲಿಯುತ್ತಾರೆ.

ಸ್ಥಳೀಯ ಚಾನೆಲ್‌ನ ಟ್ರ್ಯಾಕ್ಟರ್ ಶೋರೂಂ ಜಾಹೀರಾತಿಗೆ ಆ 'ಟೂಂ' ಸದ್ದು ಬೇಕಂತೆ. ಎರಡೇ ಸೆಕೆಂಡ್.
— ಹೆಸರು ಬೇಡವೆಂದ ಓದುಗರು

ಬೇಡ. 853 ಮತ್ತು 960 ಹರ್ಟ್ಸ್ ಸೇರಿದ ಆ ಸದ್ದನ್ನಾಗಲಿ, ಅದರ ಅನುಕರಣೆಯನ್ನಾಗಲಿ ಜಾಹೀರಾತಿಗೆ, ಮನರಂಜನೆಗೆ ಬಳಸುವಂತಿಲ್ಲ. 2014ರಲ್ಲಿ ಒಂದು ಸಿನಿಮಾ ಟ್ರೇಲರಿನಲ್ಲಿ ಬಳಸಿದ್ದಕ್ಕೆ ಬಿತ್ತರಿಸಿದ ಸಂಸ್ಥೆಗಳ ಮೇಲೆ ಒಟ್ಟು ಸುಮಾರು 19 ಲಕ್ಷ ಡಾಲರ್ ದಂಡ ಬಿತ್ತು. ತಪ್ಪಿ ಸುಳ್ಳು ಎಚ್ಚರಿಕೆ ಹೋಗಿದೆ ಎಂದು ತಿಳಿದರೆ 24 ಗಂಟೆಯೊಳಗೆ ಎಫ್‌ಸಿಸಿಗೆ ಮೇಲ್ ಮಾಡಬೇಕು. ಹವಾಯಿಯಲ್ಲಿ 2018ರ ಜನವರಿ 13ರಂದು ಕ್ಷಿಪಣಿ ಬರುತ್ತಿದೆ ಎಂದು ಸುಳ್ಳು ಎಚ್ಚರಿಕೆ ಹೋಗಿ, ತಿದ್ದಲು 38 ನಿಮಿಷ ಹಿಡಿದದ್ದರ ನಂತರ ಬಂದ ನಿಯಮ ಇದು.

ಇಲ್ಲಿ, ಕರ್ನಾಟಕದಲ್ಲಿ, ನಮ್ಮಂಥ ಎಲ್‌ಸಿಒಗಳಿಗೆ (ಊರಿನ ಕೇಬಲ್‌ನವರಿಗೆ) ಇಂಥದ್ದೇನಾದರೂ ಇದೆಯೇ?
— ಹಾಸನದ ಓದುಗರು

ರ‍್ಯಾಕಿನಲ್ಲಿ ಎಚ್ಚರಿಕೆ ಪೆಟ್ಟಿಗೆ ಇಟ್ಟು ವಾರಕ್ಕೊಮ್ಮೆ ಪರೀಕ್ಷಿಸುವ ಅಮೆರಿಕದ ಬಗೆಯ ಹೊರೆ ನಿಮ್ಮ ಮೇಲಿಲ್ಲ. ಸಿಗ್ನಲ್ ಬರುವುದೂ ಎಂಎಸ್‌ಒ, ಅಂದರೆ ನಿಮಗೆ ಚಾನೆಲ್ ಕೊಡುವ ದೊಡ್ಡ ಕೇಬಲ್ ಕಂಪನಿಯ ಹೆಡ್‌ಎಂಡಿನಿಂದ. ನಿಮ್ಮ ಕೈಯಲ್ಲಿ ಅಡ್ಡ ಹಾಕುವ ಜಾಗವೇ ಇಲ್ಲ. ಆದರೆ ಸಾಮಗ್ರಿ ಮನೆಮನೆಯಲ್ಲಿದೆ. ಟ್ರಾಯ್ ನಿಯಮದಂತೆ ಸೆಟ್‌ಟಾಪ್ ಬಾಕ್ಸ್ 120 ಅಕ್ಷರದ ಸಂದೇಶ ತೋರಿಸಬಲ್ಲದಾಗಿರಬೇಕು, ಅದನ್ನು ಎಲ್ಲರಿಗೂ, ಒಂದು ಗುಂಪಿಗೆ ಅಥವಾ ಒಂದೇ ಬಾಕ್ಸಿಗೆ ಕಳಿಸಬಲ್ಲ ವ್ಯವಸ್ಥೆ ಇರಬೇಕು, ಬಲವಂತವಾಗಿ ತೋರಿಸುವ ಸೌಲಭ್ಯವೂ ಬೇಕು. ಬಾಕಿ ಕಟ್ಟಿ ಎಂದು ಪರದೆ ಮೇಲೆ ಬರುವ ಚೌಕವೂ ಇದೇ ದಾರಿಯದು. ಹೊಳೆ ತುಂಬಿದಾಗ ತಾಲ್ಲೂಕಿಗೆ ಸಂದೇಶ ಬೇಕಾದರೆ, ನಿಮ್ಮ ತಾಲ್ಲೂಕಿನ ಬಾಕ್ಸ್‌ಗಳನ್ನು ಒಂದು ಗುಂಪಾಗಿ ಮೊದಲೇ ಮಾಡಿಡಲು ಎಂಎಸ್‌ಒಗೆ ಹೇಳಿ. ಮಳೆ ಶುರುವಾದ ಮೇಲೆ ಆ ಕೆಲಸ ಆಗುವುದಿಲ್ಲ. ಆದರೆ ಸಂದೇಶದ ಒಕ್ಕಣೆ ಜಿಲ್ಲಾಡಳಿತದಿಂದಲೇ ಬರಲಿ, ನೀವೇ ಬರೆಯಬೇಡಿ.

ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ವೇದಿಕೆಯೂ ಅದೇ ಕ್ಯಾಪ್ ಮಾದರಿಯಲ್ಲಿ ನಡೆಯುತ್ತದೆ. 2023ರಲ್ಲಿ ಮೊಬೈಲುಗಳೆಲ್ಲ ಒಟ್ಟಿಗೆ ಕೂಗಿದ ಪರೀಕ್ಷಾ ಸಂದೇಶ ನೆನಪಿರಬಹುದು. ಅದು ಸೆಲ್ ಬ್ರಾಡ್‌ಕಾಸ್ಟ್, ಕೇಬಲ್‌ಗೂ ಅದಕ್ಕೂ ಸಂಬಂಧವಿಲ್ಲ.

ಸಿಡಿಲಿಗೆ ಡಿಕೋಡರ್ ಸುಟ್ಟುಹೋಗಿದೆ. ಹೊಸದು ಬರಲು ತಿಂಗಳು ಬೇಕಂತೆ. ಅಲ್ಲಿಯವರೆಗೆ ಕೇಬಲ್ ನಿಲ್ಲಿಸಬೇಕೆ?
— ಮಿಸೌರಿಯ ಓದುಗರು

ನಿಲ್ಲಿಸಬೇಕಿಲ್ಲ. ಕೆಟ್ಟ ಉಪಕರಣವಿಲ್ಲದೆ 60 ದಿನ ನಡೆಸಲು ಯಾರ ಅನುಮತಿಯೂ ಬೇಡ. ತೆಗೆದ ದಿನಾಂಕ, ಹೊತ್ತು ಮತ್ತು ಮತ್ತೆ ಕೂರಿಸಿದ ದಿನಾಂಕ, ಹೊತ್ತು ಲಾಗಿನಲ್ಲಿರಬೇಕು. 60 ದಿನ ಮೀರುವಂತಿದ್ದರೆ ಮುಗಿಯುವ ಮೊದಲೇ ಎಫ್‌ಸಿಸಿಗೆ ಬರೆದು ಹೆಚ್ಚಿನ ಅವಧಿ ಕೇಳಿ. ಏನು ಪ್ರಯತ್ನ ಮಾಡಿದಿರಿ ಎಂಬುದಕ್ಕೆ ಆರ್ಡರಿನ ಪ್ರತಿ, ತಯಾರಕರ ಪತ್ರ ಲಗತ್ತಿಸಿ. ಈ ನಡುವೆ ರಾಷ್ಟ್ರೀಯ ಪರೀಕ್ಷೆ ಘೋಷಣೆಯಾದರೆ ಪರೀಕ್ಷೆಯ ವರದಿ ತುಂಬುವ ಎಫ್‌ಸಿಸಿಯ ಇಟಿಆರ್‌ಎಸ್ ಪುಟದಲ್ಲಿ ಎರಡನೇ ನಮೂನೆಯನ್ನು ಪರೀಕ್ಷೆ ನಡೆದ 24 ಗಂಟೆಯೊಳಗೆ, ಮೂರನೆಯದನ್ನು 45 ದಿನದೊಳಗೆ ತುಂಬುವುದು ತಪ್ಪುವುದಿಲ್ಲ. ಉಪಕರಣ ದುರಸ್ತಿಯಲ್ಲಿತ್ತು ಎಂದೇ ಬರೆಯಿರಿ. ಹೊಸದನ್ನು ಕೂರಿಸುವಾಗ ಆಂಟೆನಾದ ಪ್ರತಿ ಕೇಬಲ್ಲಿಗೂ ಕಟ್ಟಡದೊಳಗೆ ಬರುವ ಜಾಗದಲ್ಲಿ ಸರ್ಜ್ ಅರೆಸ್ಟರ್ ಹಾಕಿ, ಅದರ ಅರ್ತಿಂಗ್ ತಂತಿಯನ್ನು ಕಟ್ಟಡದ ಮುಖ್ಯ ಅರ್ತಿಂಗಿಗೇ ಜೋಡಿಸಿ. ಆಂಟೆನಾಗೆಂದು ಬೇರೆ ಕಂಬಿ ಹೂತು, ಅದನ್ನು ಮುಖ್ಯ ಅರ್ತಿಂಗಿಗೆ ಸೇರಿಸದೆ ಬಿಟ್ಟರೆ ಸಿಡಿಲಿನ ವಿದ್ಯುತ್ತು ಎರಡರ ನಡುವೆ ದಾರಿ ಹುಡುಕಿಕೊಂಡು ಡಿಕೋಡರಿನ ಮೂಲಕವೇ ಹಾಯುತ್ತದೆ.